ವಿದ್ಯುತ್ತು ಹೋದಾಗ ನೆನಪು ಉಳಿಯುವ ಬಗೆ

ವಿದ್ಯುತ್ತು ಹಠಾತ್ತನೆ ನಿಂತುಹೋದರೆ ಮನೆಯ ದೀಪ ಆರುತ್ತದೆ, ಬೀಸಣಿಗೆ ನಿಲ್ಲುತ್ತದೆ, ಹಿಟ್ಟಿನ ಗಿರಣಿಯ ಕಲ್ಲು ಎರಡು ಸುತ್ತು ತಿರುಗಿ ಸುಮ್ಮನಾಗುತ್ತದೆ. ಗಂಟೆಯ ಬಳಿಕ ವಿದ್ಯುತ್ತು ಮರಳಿದಾಗ ದೀಪ ಮೊದಲಿನಂತೆಯೇ ಬೆಳಗುತ್ತದೆ. ಗಿರಣಿಯಲ್ಲಿ ಅರ್ಧಕ್ಕೆ ನಿಂತಿದ್ದ ರಾಗಿಯೂ ಹಿಟ್ಟಾಗುತ್ತದೆ. ನಡುವೆ ನಷ್ಟವಾದದ್ದು ಕಾಲವೊಂದೇ. ಆದರೆ ಬ್ಯಾಂಕಿನ ಗಣಕಯಂತ್ರವು ಒಬ್ಬನ ಖಾತೆಯಿಂದ 500 ರೂಪಾಯಿಗಳನ್ನು ಕಳೆದು, ಇನ್ನೊಬ್ಬನ ಖಾತೆಗೆ ಸೇರಿಸುವುದಕ್ಕೆ ಮುನ್ನವೇ ವಿದ್ಯುತ್ತು ಹೋದರೆ ಆ ಹಣ ಯಾರದು? ಅರ್ಧ ಬೀಸಿದ ರಾಗಿಗೆ ಬೆಲೆಯುಂಟು. ಅರ್ಧ ಬರೆದ ಲೆಕ್ಕಕ್ಕೆ ಬೆಲೆಯಿಲ್ಲ. ಅದರಿಂದ ಅಪಾಯವೂ ಉಂಟು.

ಹಿಂದೆ ಶ್ಯಾನುಭೋಗರು ಖಾತೆಯ ಪುಸ್ತಕದಲ್ಲಿ ಬರೆಯುತ್ತಿದ್ದಾಗ ಗಾಳಿಗೆ ದೀಪ ಆರಿದರೆ, ಬರೆದಷ್ಟು ಸಾಲು ಕಾಗದದ ಮೇಲೆ ಹಾಗೆಯೇ ಇರುತ್ತಿತ್ತು. ದೀಪ ಹೊತ್ತಿಸಿಕೊಂಡು ಮುಂದಿನ ಅಕ್ಷರವನ್ನು ಬರೆದರಾಯಿತು. 2000ದ ಸುಮಾರಿನಿಂದೀಚೆಗೆ ಕರ್ನಾಟಕದ ರೈತರ ಪಹಣಿಗಳು ‘ಭೂಮಿ’ ಯೋಜನೆಯ ಮೂಲಕ ಗಣಕಯಂತ್ರವನ್ನು ಸೇರಿದವು. ಹೊಲದ ಹಕ್ಕು, ಬ್ಯಾಂಕಿನ ಠೇವಣಿ, ಆಸ್ಪತ್ರೆಯ ರೋಗಿಯ ವಿವರ, ಪರೀಕ್ಷೆಯ ಅಂಕಗಳು, ಇವೆಲ್ಲ ಇಂದು ಯಂತ್ರದ ನೆನಪನ್ನು ನಂಬಿಕೊಂಡಿವೆ. ಆ ನೆನಪು ಯಾವುದರಿಂದ ಆದದ್ದು, ವಿದ್ಯುತ್ತು ಹೋದ ಗಳಿಗೆಯಲ್ಲಿ ಅದಕ್ಕೆ ಏನಾಗುತ್ತದೆ, ಅದನ್ನು ಕಾಯುವ ಉಪಾಯಗಳೇನು ಎಂಬುದು ತಿಳಿಯಬೇಕಾದ ಸಂಗತಿ.

ಗಣಕಯಂತ್ರದ ನೆನಪು ಮೊದಲಿನಿಂದಲೂ ಇಷ್ಟು ದುರ್ಬಲವಾಗಿರಲಿಲ್ಲ. 1950ರ ಮತ್ತು 1960ರ ದಶಕಗಳ ಯಂತ್ರಗಳಲ್ಲಿ ಫೆರೈಟ್ ಎಂಬ ವಸ್ತುವಿನ ಪುಟ್ಟ ಉಂಗುರಗಳನ್ನು ತಂತಿಗಳಲ್ಲಿ ಪೋಣಿಸಿ ನೆನಪನ್ನು ರಚಿಸುತ್ತಿದ್ದರು. ಉಂಗುರವನ್ನು ಒಂದು ದಿಕ್ಕಿಗೆ ಕಾಂತಗೊಳಿಸಿದರೆ ಸೊನ್ನೆ, ಮತ್ತೊಂದು ದಿಕ್ಕಿಗೆ ಕಾಂತಗೊಳಿಸಿದರೆ ಒಂದು. ವಿದ್ಯುತ್ತು ನಿಂತರೂ ಉಂಗುರದ ಕಾಂತತ್ವ ಅಳಿಯುತ್ತಿರಲಿಲ್ಲ. ಆದರೆ ಆ ಉಂಗುರಗಳು ಹೆಚ್ಚು ಜಾಗವನ್ನೂ ಹೆಚ್ಚು ಹಣವನ್ನೂ ಬೇಡುತ್ತಿದ್ದವು. 1966ರಲ್ಲಿ ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಎಂಬ ಎಂಜಿನಿಯರಿಗೆ ಬೇರೊಂದು ಹಂಚಿಕೆ ಹೊಳೆಯಿತು. ಒಂದು ಟ್ರಾನ್ಸಿಸ್ಟರು, ಅದಕ್ಕೊಂದು ಪುಟ್ಟ ಧಾರಕ. ಧಾರಕವೆಂದರೆ ಕೆಪಾಸಿಟರ್, ವಿದ್ಯುದಂಶವನ್ನು ಹಿಡಿದಿಡುವ ಬಟ್ಟಲು. ಬಟ್ಟಲು ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. 1968ರಲ್ಲಿ ಆತನಿಗೆ ಇದರ ಪೇಟೆಂಟ್ ದೊರೆಯಿತು. ಡಿರ‍್ಯಾಮ್ ಎಂದು ಹೆಸರಾದ ಈ ನೆನಪು ಅಗ್ಗ, ಅತಿವೇಗ. ಆದರೆ ಬಟ್ಟಲಿಗೆ ಸಣ್ಣದೊಂದು ತೂತಿದೆ! ವಿದ್ಯುದಂಶ ಸದಾ ಸೋರುತ್ತಿರುತ್ತದೆ. ಆದ್ದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಸುಮಾರು ಹದಿನಾರು ಸಲ, ಪ್ರತಿಯೊಂದು ಬಟ್ಟಲನ್ನೂ ಓದಿ ಮತ್ತೆ ತುಂಬಬೇಕು. ವಿದ್ಯುತ್ತು ನಿಂತೊಡನೆ ತುಂಬುವವರಿಲ್ಲ, ನೆನಪೂ ಇಲ್ಲ.

ಸೋರದ ಬಟ್ಟಲೊಂದು ಸಾಧ್ಯವೇ? 1967ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಡಾವನ್ ಕಾಂಗ್ ಮತ್ತು ಸೈಮನ್ ಸ್ಝೀ ಇದಕ್ಕೊಂದು ಮಾರ್ಗವನ್ನು ಸೂಚಿಸಿದರು. ಟ್ರಾನ್ಸಿಸ್ಟರಿನ ಒಳಗೆ, ಸುತ್ತಲೂ ಅವಾಹಕದ ಗೋಡೆಯಿರುವಂತೆ, ಯಾವ ತಂತಿಯ ಸಂಪರ್ಕವೂ ಇಲ್ಲದ ವಾಹಕದ ತುಣುಕೊಂದನ್ನು ಹುದುಗಿಸಿಡುವುದು. ಅದು ಬಾಗಿಲಿಲ್ಲದ ಕೋಣೆ. ಹೆಚ್ಚಿನ ವಿಭವವನ್ನು ಪ್ರಯೋಗಿಸಿದಾಗ ಮಾತ್ರ ಎಲೆಕ್ಟ್ರಾನುಗಳು ತೆಳುಗೋಡೆಯನ್ನು ಹಾಯ್ದು ಒಳಸೇರುತ್ತವೆ. ವಿಭವವನ್ನು ತೆಗೆದ ಮೇಲೆ ಹೊರಬರಲಾರದೆ ಅಲ್ಲಿಯೇ ಉಳಿಯುತ್ತವೆ. ಈ ತತ್ವವನ್ನು ಆಧರಿಸಿ ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕ ಎಂಬಾತ ಒಂದು ಹೊಸ ನೆನಪನ್ನು ನಿರ್ಮಿಸಿ 1984ರಲ್ಲಿ ವಿದ್ವಾಂಸರ ಮುಂದಿಟ್ಟನು. ಅದರಲ್ಲಿ ದೊಡ್ಡದೊಂದು ಭಾಗವನ್ನೇ ಒಮ್ಮೆಗೆ ಅಳಿಸಬಹುದಾಗಿತ್ತು. ಹಾಗೆ ಅಳಿಸುವುದು ಕ್ಯಾಮೆರಾದ ಮಿಂಚುದೀಪವನ್ನು ನೆನಪಿಗೆ ತರುತ್ತದೆಂದು ಸಹೋದ್ಯೋಗಿ ಶೋಜಿ ಅರಿಯಿಜುಮಿ ಹೇಳಿದ್ದರಿಂದ ಅದಕ್ಕೆ ‘ಫ್ಲ್ಯಾಷ್’ ಎಂಬ ಹೆಸರು ಬಂದಿತು. 1987ರಲ್ಲಿ ಮಸುವೊಕನ ತಂಡ ‘ನ್ಯಾಂಡ್’ ಎಂಬ ಬಗೆಯ ಫ್ಲ್ಯಾಷನ್ನು ಪ್ರಕಟಿಸಿತು. ಇಂದಿನ ದೂರವಾಣಿ, ಪೆನ್‌ಡ್ರೈವ್, ಎಸ್.ಎಸ್.ಡಿ. ಎನ್ನುವ ಘನಸ್ಥಿತಿ ಸಂಗ್ರಾಹಕ, ಎಲ್ಲದರಲ್ಲಿಯೂ ಇರುವುದು ಈ ಕುಲದ ನೆನಪೇ. ಕೋಟ್ಯಂತರ ಜನರ ಜೇಬು ಸೇರಿದ ಈ ಸಾಧನೆಗೆ ತನಗೆ ತಕ್ಕ ಪ್ರತಿಫಲ ದೊರೆಯಲಿಲ್ಲವೆಂದು ಮಸುವೊಕ 2004ರಲ್ಲಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. 2006ರಲ್ಲಿ 8 ಕೋಟಿ 70 ಲಕ್ಷ ಯೆನ್‌ಗಳಿಗೆ ರಾಜಿಯಾಯಿತು.

ವಿದ್ಯುತ್ತು ಹೋದರೂ ಫ್ಲ್ಯಾಷ್ ಮರೆಯುವುದಿಲ್ಲವೆಂದ ಮೇಲೆ ಎಸ್.ಎಸ್.ಡಿ.ಗೆ ಕಾವಲು ಏತಕ್ಕೆ ಎಂಬ ಸಂದೇಹ ಯಾರಿಗಾದರೂ ಬರಬಹುದು. ಸಂದೇಹ ನ್ಯಾಯವಾದುದೇ. ಬರೆದು ಮುಗಿದದ್ದು ಉಳಿಯುತ್ತದೆ, ನಿಜ. ತೊಡಕಿರುವುದು ಬರೆಯುವ ಕ್ರಮದಲ್ಲಿ.

ಫ್ಲ್ಯಾಷಿನಲ್ಲಿ ಬರೆಯುವ ಘಟಕಕ್ಕೆ ಪುಟವೆಂದು ಹೆಸರು. ಹಲವು ನೂರು ಅಥವಾ ಸಾವಿರಾರು ಪುಟಗಳು ಸೇರಿ ಒಂದು ಖಂಡ. ಬರೆಯುವುದು ಪುಟಪುಟವಾಗಿ, ಆದರೆ ಅಳಿಸುವುದು ಇಡೀ ಖಂಡವನ್ನೇ. ಬರೆದ ಪುಟದ ಮೇಲೆಯೇ ಮತ್ತೆ ಬರೆಯುವಂತಿಲ್ಲ. ಸ್ಲೇಟಿನ ಒಂದು ಅಕ್ಷರವನ್ನು ಬೆರಳಿನಿಂದ ಒರಸಿ ತಿದ್ದಬಹುದು. ಓಲೆಗರಿಯಲ್ಲಿ ಕೊರೆದದ್ದನ್ನು ಹಾಗೆ ತಿದ್ದಲಾಗದು, ಬೇರೆ ಗರಿಯನ್ನೇ ತೆಗೆದುಕೊಳ್ಳಬೇಕು. ಫ್ಲ್ಯಾಷಿನದು ಓಲೆಗರಿಯ ಸ್ವಭಾವ. ಒಂದು ಲೆಕ್ಕವನ್ನು ತಿದ್ದಿದಾಗ ಎಸ್.ಎಸ್.ಡಿ. ಹೊಸ ರೂಪವನ್ನು ಬೇರೊಂದು ಖಾಲಿ ಪುಟದಲ್ಲಿ ಬರೆದು, ಹಳೆಯ ಪುಟ ರದ್ದಾಯಿತೆಂದು ಗುರುತು ಮಾಡಿಕೊಳ್ಳುತ್ತದೆ. ಹೀಗೆ ಒಂದೇ ದಾಖಲೆಯ ಸ್ಥಳ ದಿನಕ್ಕೆ ನೂರು ಬಾರಿ ಬದಲಾಗಬಹುದು. ಯಾವುದು ಎಲ್ಲಿದೆ ಎಂಬುದಕ್ಕೆ ಒಂದು ವಿಳಾಸಪಟ್ಟಿ ಬೇಡವೇ? ದೊಡ್ಡ ಮಠದ ಉಗ್ರಾಣದಲ್ಲಿ ಸಾವಿರ ಡಬ್ಬಗಳಿದ್ದು, ಯಾವ ಡಬ್ಬದ ಮೇಲೂ ಚೀಟಿಯಿಲ್ಲದೆ, ಉಗ್ರಾಣಿಯ ಪುಸ್ತಕದಲ್ಲಿ ಮಾತ್ರ ವಿವರವಿದ್ದರೆ ಹೇಗೋ ಹಾಗೆ. ಪುಸ್ತಕ ಕಳೆದರೆ ಪದಾರ್ಥಗಳೆಲ್ಲ ಇದ್ದೂ ಇಲ್ಲದಂತೆ.

ಈ ವಿಳಾಸಪಟ್ಟಿ ಚಿಕ್ಕದೇನಲ್ಲ. ನಾಲ್ಕು ಕಿಲೋಬೈಟಿನ ಪ್ರತಿಯೊಂದು ತುಣುಕಿಗೂ ನಾಲ್ಕು ಬೈಟುಗಳ ವಿಳಾಸವೆಂದು ಹಿಡಿದರೆ, ಒಂದು ಟೆರಾಬೈಟಿನ ಸಂಗ್ರಾಹಕಕ್ಕೆ ಸುಮಾರು ಒಂದು ಗಿಗಾಬೈಟಿನಷ್ಟು ಪಟ್ಟಿ ಬೇಕಾಗುತ್ತದೆ. ಅದನ್ನು ಕ್ಷಣಕ್ಷಣವೂ ನೋಡುತ್ತ ತಿದ್ದುತ್ತ ಇರಬೇಕಾದುದರಿಂದ ಅನೇಕ ಎಸ್.ಎಸ್.ಡಿ.ಗಳು ಅದನ್ನು ವೇಗವಾದ ಡಿರ‍್ಯಾಮಿನಲ್ಲಿ ಇಟ್ಟುಕೊಂಡಿರುತ್ತವೆ. ಹೊರಗಿನಿಂದ ಬಂದ ದತ್ತಾಂಶವೂ ಫ್ಲ್ಯಾಷಿಗೆ ಇಳಿಯುವ ಮುನ್ನ ಸ್ವಲ್ಪ ಹೊತ್ತು ಇಂಥ ಮರೆಗುಳಿ ನೆನಪಿನಲ್ಲಿಯೇ ತಂಗುವುದುಂಟು. ಅಂದಮೇಲೆ, ಮರೆಯದ ಉಗ್ರಾಣಕ್ಕೆ ಮರೆಗುಳಿಯಾದ ಉಗ್ರಾಣಿಯನ್ನು ನೇಮಿಸಿದಂತಾಯಿತು. ವೇಗದ ಆಸೆಗೆ ತೆರುವ ಬೆಲೆ ಇದು.

ಇದಕ್ಕಿಂತಲೂ ವಿಚಿತ್ರವಾದ ಇನ್ನೊಂದು ಹಾನಿಯುಂಟು. ಒಂದು ಕೋಶದಲ್ಲಿ ಒಂದೇ ಅಂಕಿಯನ್ನು ಇಡುವ ಕಾಲ ಹಿಂದಾಯಿತು. ಎಲೆಕ್ಟ್ರಾನುಗಳ ಪ್ರಮಾಣವನ್ನು ನಾಲ್ಕು ಮಟ್ಟಗಳಾಗಿ ಎಣಿಸಿದರೆ ಒಂದೇ ಕೋಶದಲ್ಲಿ ಎರಡು ಅಂಕಿಗಳು ಹಿಡಿಯುತ್ತವೆ. ಎಂಟು ಮಟ್ಟಗಳಲ್ಲಿ ಮೂರು, ಹದಿನಾರು ಮಟ್ಟಗಳಲ್ಲಿ ನಾಲ್ಕು. ಎರಡಂಕಿಯ ಕೋಶದಲ್ಲಿ ಮೊದಲನೆಯ ಅಂಕಿಯನ್ನು ಒಂದು ಪುಟದ ಭಾಗವಾಗಿಯೂ ಎರಡನೆಯದನ್ನು ಮತ್ತೊಂದು ಪುಟದ ಭಾಗವಾಗಿಯೂ ಬೇರೆ ಬೇರೆ ಸಮಯದಲ್ಲಿ ಬರೆಯುವ ಪದ್ಧತಿಯಿದೆ. ಎರಡನೆಯದನ್ನು ಬರೆಯುವಾಗ ಕೋಶದ ಮಟ್ಟ ಮೆಲ್ಲಮೆಲ್ಲನೆ ಏರುತ್ತಿರುತ್ತದೆ. ಆ ಏರಿಕೆಯ ನಡುವೆ ವಿದ್ಯುತ್ತು ಹೋದರೆ ಕೋಶವು ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಮಟ್ಟದಲ್ಲಿ ನಿಂತುಬಿಡುತ್ತದೆ. ಆಗ ಬರೆಯುತ್ತಿದ್ದ ಅಂಕಿಯಷ್ಟೇ ಅಲ್ಲ, ಎಂದೋ ಬರೆದು ಭದ್ರವಾಯಿತೆಂದು ನೆಮ್ಮದಿಯಾಗಿದ್ದ ಮೊದಲ ಅಂಕಿಯೂ ಕೆಡುತ್ತದೆ. ಇಂದಿನ ಸಾಲನ್ನು ಬರೆಯುವಾಗ ದೀಪ ಆರಿದ್ದಕ್ಕೆ ನಿನ್ನೆ ಬರೆದ ಸಾಲೂ ಅಳಿಸಿಹೋದಂತೆ! ಶ್ಯಾನುಭೋಗರ ಪುಸ್ತಕದಲ್ಲಿ ಇಂಥದು ಎಂದೂ ನಡೆಯುತ್ತಿರಲಿಲ್ಲ.

ಇವೆಲ್ಲ ಬರಿಯ ಊಹೆಯಲ್ಲವೆಂಬುದು 2013ರಲ್ಲಿ ಸ್ಪಷ್ಟವಾಯಿತು. ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯದ ಮತ್ತು ಎಚ್.ಪಿ. ಪ್ರಯೋಗಾಲಯದ ಸಂಶೋಧಕರು ಐದು ತಯಾರಕರ 15 ಎಸ್.ಎಸ್.ಡಿ.ಗಳನ್ನು ತೆಗೆದುಕೊಂಡು, ಅವು ಬರೆಯುತ್ತಿರುವಾಗಲೇ ಬೇಕೆಂದು ವಿದ್ಯುತ್ತನ್ನು ಕತ್ತರಿಸಿ ನೋಡಿದರು. ಒಟ್ಟು ಮೂರು ಸಾವಿರಕ್ಕೂ ಹೆಚ್ಚು ಬಾರಿ ಹೀಗೆ ಮಾಡಿದರು. ಹದಿನೈದರಲ್ಲಿ 13 ಸಂಗ್ರಾಹಕಗಳು ಒಂದಲ್ಲ ಒಂದು ಬಗೆಯಲ್ಲಿ ತಪ್ಪಿದವು. ಕೆಲವು ಅರ್ಧ ಬರೆದು ನಿಂತಿದ್ದವು. ಕೆಲವು ಹಿಂದಿನದನ್ನು ಬಿಟ್ಟು ಮುಂದಿನದನ್ನು ಉಳಿಸಿಕೊಂಡಿದ್ದವು. ಒಂದರಲ್ಲಿ ಸುಮಾರು ಮೂರರಲ್ಲೊಂದು ಪಾಲು ದತ್ತಾಂಶವೇ ಕಾಣದಾಯಿತು. ಇನ್ನೊಂದಂತೂ ಗಣಕಯಂತ್ರಕ್ಕೆ ಗುರುತೇ ಸಿಗದಂತೆ ಪೂರ್ಣವಾಗಿ ಸತ್ತುಹೋಯಿತು.

ಈ ಕೇಡಿಗೆ ಎಂಜಿನಿಯರುಗಳು ಕಂಡುಕೊಂಡ ಪರಿಹಾರದ ಮೂಲತತ್ವ ಬಹು ಸರಳ. ಸಾಯುವ ಮುನ್ನ ಉಯಿಲು ಬರೆಯಲು ಬೇಕಾಗುವಷ್ಟು ಉಸಿರನ್ನು ಉಳಿಸಿಕೊಂಡಿರುವುದು, ಅಷ್ಟೆ. ಬ್ಯಾಂಕು ಮುಂತಾದೆಡೆಗಳಿಗೆಂದು ತಯಾರಾಗುವ ಎಸ್.ಎಸ್.ಡಿ.ಯ ಹಲಗೆಯ ಮೇಲೆ ಸಾಲಾಗಿ ಕುಳಿತ ಧಾರಕಗಳು ಕಾಣುತ್ತವೆ. ಯಂತ್ರ ನಡೆಯುತ್ತಿರುವಾಗ ಅವು ಸದಾ ತುಂಬಿರುತ್ತವೆ. ಹೊರಗಿನ ವಿಭವ ಗೊತ್ತಾದ ಮಟ್ಟಕ್ಕಿಂತ ಇಳಿದೊಡನೆ ಕಾವಲು ಮಂಡಲವೊಂದು ಎಚ್ಚರಿಕೆ ಕೊಡುತ್ತದೆ. ಮೊದಲ ಕೆಲಸ ಹೊರಬಾಗಿಲನ್ನು ಮುಚ್ಚುವುದು. ಇಲ್ಲವಾದರೆ ಧಾರಕದಲ್ಲಿದ್ದ ವಿದ್ಯುತ್ತು ಹಿಂದಕ್ಕೆ ಹರಿದು ಗಣಕಯಂತ್ರದ ಉಳಿದ ಭಾಗಗಳ ಪಾಲಾದೀತು. ಆಮೇಲೆ ನಿಯಂತ್ರಕವು ಹೊಸ ದತ್ತಾಂಶವನ್ನು ಸ್ವೀಕರಿಸುವುದನ್ನು ನಿಲ್ಲಿಸಿ, ಕೈಯಲ್ಲಿದ್ದ ಬರವಣಿಗೆಯನ್ನು ಮುಗಿಸಿ, ಡಿರ‍್ಯಾಮಿನಲ್ಲಿ ಉಳಿದದ್ದನ್ನೂ ವಿಳಾಸಪಟ್ಟಿಯಲ್ಲಾದ ಬದಲಾವಣೆಗಳನ್ನೂ ಫ್ಲ್ಯಾಷಿಗೆ ಇಳಿಸಿ, ಕೊನೆಯಲ್ಲಿ ಎಲ್ಲವೂ ಮುಗಿಯಿತೆಂಬ ಗುರುತೊಂದನ್ನು ಹಾಕುತ್ತದೆ. ವಿದ್ಯುತ್ತು ಮರಳಿದಾಗ ಮೊದಲು ಹುಡುಕುವುದು ಆ ಗುರುತನ್ನೇ.

ಇಷ್ಟಕ್ಕೆ ಎಷ್ಟು ಶಕ್ತಿ ಬೇಕು? ಲೆಕ್ಕ ಮಾಡಿ ನೋಡಬಹುದು. ಧಾರಕದಲ್ಲಿ ಅಡಗಿರುವ ಶಕ್ತಿ ಅದರ ಧಾರಕತೆಯನ್ನು ವಿಭವದ ವರ್ಗದಿಂದ ಗುಣಿಸಿ ಅರ್ಧ ಮಾಡಿದಷ್ಟು. ಉದಾಹರಣೆಗೆ, ಒಟ್ಟು 1000 ಮೈಕ್ರೊಫ್ಯಾರಡ್ ಧಾರಕತೆಯನ್ನು 30 ವೋಲ್ಟಿಗೆ ತುಂಬಿದರೆ 0.45 ಜೌಲ್ ಶಕ್ತಿ ಕೂಡುತ್ತದೆ. ಅದು 10 ವೋಲ್ಟಿಗೆ ಇಳಿಯುವವರೆಗೆ ಬಳಸಿದರೆ ದೊರೆಯುವುದು 0.40 ಜೌಲ್. ಸಂಗ್ರಾಹಕಕ್ಕೆ 10 ವಾಟ್ ಸಾಮರ್ಥ್ಯ ಬೇಕೆಂದರೆ ಈ ಶಕ್ತಿ 40 ಮಿಲಿಸೆಕೆಂಡುಗಳಿಗೆ ಸಾಕಾಗುತ್ತದೆ. ಕಣ್ಣು ಮಿಟುಕಿಸುವುದಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಆದರೆ ಫ್ಲ್ಯಾಷಿನ ಒಂದು ಪುಟವನ್ನು ಬರೆಯಲು ಹಿಡಿಯುವುದು ಒಂದು ಮಿಲಿಸೆಕೆಂಡಿನ ಆಸುಪಾಸು. ಅಲ್ಲದೆ ಹತ್ತಾರು ತುಣುಕುಗಳಲ್ಲಿ ಏಕಕಾಲಕ್ಕೆ ಬರೆಯಬಹುದು. ಎಸ್.ಎಸ್.ಡಿ.ಯ ಪಾಲಿಗೆ 40 ಮಿಲಿಸೆಕೆಂಡುಗಳೆಂದರೆ ಸಾವಧಾನದ ಕಾಲವೇ ಸರಿ. ಶಕ್ತಿಯು ವಿಭವದ ವರ್ಗವನ್ನು ಅನುಸರಿಸುವುದರಿಂದ ವಿಭವವನ್ನು ಇಮ್ಮಡಿಸಿದರೆ ಶಕ್ತಿ ನಾಲ್ಮಡಿಯಾಗುತ್ತದೆ. ಹೊರಗಿನಿಂದ 12 ವೋಲ್ಟ್ ಬಂದರೂ ಅನೇಕ ಸಂಗ್ರಾಹಕಗಳು ಅದನ್ನು ಮೇಲಕ್ಕೇರಿಸಿ ಧಾರಕಗಳಲ್ಲಿ ತುಂಬುವುದು ಈ ಕಾರಣದಿಂದ. ಎಂಟು ಒಂಬತ್ತನೆಯ ತರಗತಿಗಳಲ್ಲಿ ಕಲಿಯುವ ವರ್ಗದ ಲೆಕ್ಕ ಎಲ್ಲಿ ಉಪಯೋಗಕ್ಕೆ ಬರುತ್ತದೆಂದು ಕೇಳುವವರಿಗೆ ಇದೊಂದು ಉತ್ತರ.

ಧಾರಕದ ಬದಲು ಬ್ಯಾಟರಿಯನ್ನೇ ಇಡಬಹುದಲ್ಲವೇ? ಹಾಗೆ ಮಾಡಿದ್ದೂ ಉಂಟು. ಹಲವು ಡಿಸ್ಕುಗಳನ್ನು ಒಟ್ಟಿಗೆ ನಡೆಸುವ ನಿಯಂತ್ರಕ ಹಲಗೆಗಳಲ್ಲಿ ಹಿಂದೆ ಚಿಕ್ಕ ಬ್ಯಾಟರಿಯಿರುತ್ತಿತ್ತು. ಅದು ಡಿರ‍್ಯಾಮಿಗೆ ಎರಡು ಮೂರು ದಿನ ವಿದ್ಯುತ್ತು ಒದಗಿಸುತ್ತಿತ್ತು. ಅಷ್ಟರೊಳಗೆ ಯಾರಾದರೂ ಯಂತ್ರವನ್ನು ಚಾಲೂ ಮಾಡಬೇಕು. ಮಾಡದಿದ್ದರೆ ದತ್ತಾಂಶ ಹೋಯಿತು. ಬ್ಯಾಟರಿಯೂ ಕೆಲವು ವರ್ಷಗಳಲ್ಲಿ ಸವೆಯುತ್ತದೆ. ಆದ್ದರಿಂದ ಈಚೆಗೆ ಅಂಥ ಹಲಗೆಗಳಲ್ಲಿಯೂ ಧಾರಕಗಳನ್ನೂ ಫ್ಲ್ಯಾಷನ್ನೂ ಇಟ್ಟು, ವಿದ್ಯುತ್ತು ಹೋದೊಡನೆ ನೆನಪನ್ನೆಲ್ಲ ಇಳಿಸಿಬಿಡುವ ಪದ್ಧತಿ ಬಂದಿದೆ. ಧಾರಕಗಳಿಗೂ ಮುಪ್ಪು ತಪ್ಪಿದ್ದಲ್ಲ. ಅಲ್ಯೂಮಿನಿಯಂ ಧಾರಕದ ಉಷ್ಣತೆ 10 ಡಿಗ್ರಿ ಏರಿದರೆ ಅದರ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ಹೀಗಾಗಿ ಒಳ್ಳೆಯ ಎಸ್.ಎಸ್.ಡಿ. ಆಗಾಗ ತನ್ನ ಧಾರಕಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಅವು ದುರ್ಬಲವಾಗಿವೆಯೆಂದು ಕಂಡರೆ, ದತ್ತಾಂಶವನ್ನು ಡಿರ‍್ಯಾಮಿನಲ್ಲಿ ತಂಗಿಸುವುದನ್ನು ಬಿಟ್ಟು ನೇರವಾಗಿ ಫ್ಲ್ಯಾಷಿಗೆ ಬರೆಯುವಂತೆಯೂ ಏರ್ಪಾಡಿರಬಹುದು. ವೇಗ ತಗ್ಗುತ್ತದೆ, ಭದ್ರತೆ ಉಳಿಯುತ್ತದೆ.

ಮನೆಬಳಕೆಯ ಎಸ್.ಎಸ್.ಡಿ.ಗಳಲ್ಲಿ ಸಾಮಾನ್ಯವಾಗಿ ಇಷ್ಟು ಧಾರಕಗಳಿರುವುದಿಲ್ಲ. ಪೆನ್‌ಡ್ರೈವಿನಲ್ಲಂತೂ ಇಲ್ಲವೇ ಇಲ್ಲ. ಬರೆಯುತ್ತಿರುವಾಗ ಪೆನ್‌ಡ್ರೈವನ್ನು ಕಿತ್ತುಕೊಳ್ಳುವುದೆಂದರೆ ಅದರ ಪಾಲಿಗೆ ವಿದ್ಯುತ್ತು ಹೋದಂತೆಯೇ. ಅದಕ್ಕಾಗಿಯೇ ತೆಗೆಯುವ ಮುನ್ನ ಗಣಕಯಂತ್ರಕ್ಕೆ ತಿಳಿಸಿ ಅಪ್ಪಣೆ ಪಡೆಯುವ ಕ್ರಮವಿರುವುದು. ಇಂಥ ಸಾಧನಗಳನ್ನು ಕಾಯುವ ಭಾರ ಹೆಚ್ಚಾಗಿ ತಂತ್ರಾಂಶದ ಮೇಲೆ ಬೀಳುತ್ತದೆ. ದತ್ತಾಂಶವನ್ನು ಬರೆದ ಮೇಲೆ ‘ಇದುವರೆಗೆ ಕೊಟ್ಟದ್ದನ್ನೆಲ್ಲ ಫ್ಲ್ಯಾಷಿಗೆ ಇಳಿಸಿ ಉತ್ತರ ಹೇಳು’ ಎಂಬ ಆಜ್ಞೆಯನ್ನು ಸಂಗ್ರಾಹಕಕ್ಕೆ ಕೊಡಬಹುದು. ಉತ್ತರ ಬಂದ ಮೇಲಷ್ಟೇ ಮುಂದಿನ ಹೆಜ್ಜೆ. ಇಳಿಸದೆಯೇ ‘ಆಯಿತು’ ಎನ್ನುವ ಸಂಗ್ರಾಹಕ, ಮರೆಗುಳಿ ಸಂಗ್ರಾಹಕಕ್ಕಿಂತಲೂ ಕೆಟ್ಟದ್ದು. ಮರೆವಿಗೆ ಮದ್ದುಂಟು, ಸುಳ್ಳಿನ ಮೇಲೆ ಯಾವ ಲೆಕ್ಕವನ್ನೂ ಕಟ್ಟಲಾಗದು.

ಬ್ಯಾಂಕಿನ 500 ರೂಪಾಯಿಗಳ ಗತಿ ನಿಂತಿರುವುದೂ ಇಂಥ ಶಿಸ್ತಿನ ಮೇಲೆಯೇ. ದತ್ತಸಂಚಯದ ತಂತ್ರಾಂಶವು ಖಾತೆಗಳನ್ನು ಮುಟ್ಟುವ ಮುನ್ನ, ಮಾಡಹೊರಟ ಕೆಲಸವನ್ನು ಒಂದು ದಿನಚರಿಯಲ್ಲಿ ಬರೆಯುತ್ತದೆ: ಇಂಥ ಖಾತೆಯಿಂದ ಇಷ್ಟು ಕಳೆಯಬೇಕು, ಇಂಥ ಖಾತೆಗೆ ಇಷ್ಟು ಕೂಡಿಸಬೇಕು, ಎರಡೂ ಸೇರಿ ಒಂದೇ ವ್ಯವಹಾರ. ದಿನಚರಿ ಫ್ಲ್ಯಾಷಿಗೆ ಇಳಿದಿದೆಯೆಂದು ಖಚಿತವಾದ ಮೇಲೆಯೇ ವ್ಯವಹಾರ ಮುಗಿಯಿತೆನ್ನುವುದು. ನಡುವೆ ವಿದ್ಯುತ್ತು ಹೋದರೆ, ಮರಳಿದಾಗ ದಿನಚರಿಯನ್ನು ಓದಿ, ಮುಗಿದ ವ್ಯವಹಾರಗಳನ್ನು ಪೂರ್ಣಗೊಳಿಸಿ, ಮುಗಿಯದವುಗಳನ್ನು ಮೂಲಸ್ಥಿತಿಗೆ ತರುತ್ತದೆ. ಹಣ ಇಲ್ಲಿರುತ್ತದೆ, ಇಲ್ಲವೇ ಅಲ್ಲಿರುತ್ತದೆ. ನಡುದಾರಿಯಲ್ಲಿ ಮಾತ್ರ ಇರುವುದಿಲ್ಲ. ಈ ವಿಧಾನವನ್ನು ಸಾಂಗವಾಗಿ ವಿವರಿಸಿದ ‘ಏರೀಸ್’ ಎಂಬ ಕ್ರಮ 1992ರಲ್ಲಿ ಪ್ರಕಟವಾಯಿತು. ಅದರ ಮುಖ್ಯ ಕರ್ತೃ ಮದರಾಸಿನ ಐ.ಐ.ಟಿ.ಯಲ್ಲಿ ಓದಿ ಐ.ಬಿ.ಎಂ. ಸಂಸ್ಥೆಯಲ್ಲಿ ದುಡಿದ ಸಿ. ಮೋಹನ್. ಅಷ್ಟಾದರೂ, ಇಳಿಸಿದ್ದನ್ನು ಸಂಗ್ರಾಹಕ ನಿಜವಾಗಿ ಇಳಿಸಿದ್ದರೆ ಮಾತ್ರ ಈ ಜಾಣ್ಮೆಗೆ ಫಲ. ಹಲಗೆಯ ಮೇಲಿನ ಧಾರಕವೂ ತಂತ್ರಾಂಶದ ದಿನಚರಿಯೂ ಒಂದಕ್ಕೊಂದು ಹೆಗಲು ಕೊಡಬೇಕು.

ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ಇದರ ಮೇಲೆ ಇನ್ನೆರಡು ಸುತ್ತಿನ ಕೋಟೆಯಿದೆ. ಹೊರಗಿನ ವಿದ್ಯುತ್ತು ನಿಂತರೆ ಯು.ಪಿ.ಎಸ್. ಎಂಬ ಬ್ಯಾಟರಿ ಸಾಧನ ಕೆಲವು ನಿಮಿಷ ಯಂತ್ರಗಳನ್ನು ನಡೆಸುತ್ತದೆ. ಅಷ್ಟರಲ್ಲಿ ಡೀಸೆಲ್ ಜನರೇಟರು ಚಾಲೂ ಆಗುತ್ತದೆ. ಆದರೆ ಕಾಯುವ ವಸ್ತುವೇ ಕೊಲ್ಲುವುದೂ ಉಂಟು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ಡೇಜಾನ್ ನಗರದಲ್ಲಿರುವ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಯು.ಪಿ.ಎಸ್.ಗೆ ಸೇರಿದ ಲಿಥಿಯಂ ಬ್ಯಾಟರಿಗಳನ್ನು ಸ್ಥಳಾಂತರಿಸುವ ಕೆಲಸ ನಡೆಯುತ್ತಿದ್ದಾಗ ಬೆಂಕಿ ಹತ್ತಿಕೊಂಡಿತು. ಸರ್ಕಾರದ 709 ಗಣಕ ವ್ಯವಸ್ಥೆಗಳು ಸ್ತಬ್ಧವಾದವು. ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್ ಎಂಬ ಸಂಗ್ರಹ ಸುಟ್ಟುಹೋಯಿತು. ಅದರಲ್ಲಿದ್ದ 858 ಟೆರಾಬೈಟ್ ದತ್ತಾಂಶಕ್ಕೆ ಹೊರಗೆಲ್ಲಿಯೂ ಪ್ರತಿಯಿರಲಿಲ್ಲ. ಧಾರಕವಾಗಲಿ ಬ್ಯಾಟರಿಯಾಗಲಿ ಕಾಯುವುದು ವಿದ್ಯುತ್ತು ಹೋಗುವ ಆ ಒಂದು ಗಳಿಗೆಯನ್ನು. ಬೆಂಕಿ, ನೆರೆ, ಕಳ್ಳತನ, ತಪ್ಪಿ ಅಳಿಸುವ ಕೈ, ಇವುಗಳ ಮುಂದೆ ಅವುಗಳ ಆಟ ನಡೆಯದು. ಅದಕ್ಕೆ ಬೇರೊಂದು ಊರಿನಲ್ಲಿ ಬೇರೊಂದು ಪ್ರತಿಯೇ ಇರಬೇಕು.

ಆ ಪ್ರತಿಯನ್ನು ಎಸ್.ಎಸ್.ಡಿ.ಯಲ್ಲಿ ಬರೆದು ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಸಾಕೆ? ಬಾಗಿಲಿಲ್ಲದ ಆ ಕೋಣೆಯ ಗೋಡೆ ಪ್ರತಿ ಬರವಣಿಗೆಯಲ್ಲಿಯೂ ಇಷ್ಟಿಷ್ಟೇ ಸವೆಯುತ್ತದೆ. ಸವೆದ ಗೋಡೆಯಿಂದ ಎಲೆಕ್ಟ್ರಾನುಗಳು ನಿಧಾನವಾಗಿ ಹೊರಬೀಳುತ್ತವೆ. ಸೆಕೆ ಹೆಚ್ಚಾದಂತೆ ಈ ಸೋರಿಕೆಯೂ ಹೆಚ್ಚು. ಜೆಡೆಕ್ ಎಂಬ ಅಂತರರಾಷ್ಟ್ರೀಯ ಸಂಘ ಗೊತ್ತುಪಡಿಸಿದ ಮಾನದ ಪ್ರಕಾರ, ತನ್ನ ಪಾಲಿನ ಬರವಣಿಗೆಯನ್ನೆಲ್ಲ ಮುಗಿಸಿ ಮುಪ್ಪಾದ ಮನೆಬಳಕೆಯ ಎಸ್.ಎಸ್.ಡಿ. ವಿದ್ಯುತ್ತಿಲ್ಲದೆ 30 ಡಿಗ್ರಿ ಉಷ್ಣತೆಯಲ್ಲಿ ಒಂದು ವರ್ಷ ದತ್ತಾಂಶವನ್ನು ಉಳಿಸಿಕೊಂಡಿರಬೇಕು. ಹಗಲಿರುಳು ದುಡಿಯುವ ಕೇಂದ್ರಗಳ ಎಸ್.ಎಸ್.ಡಿ.ಗಾದರೋ 40 ಡಿಗ್ರಿಯಲ್ಲಿ ಮೂರು ತಿಂಗಳು ಮಾತ್ರ. ಹೊಸದಾದ, ಹೆಚ್ಚು ಬಳಸದ ಸಂಗ್ರಾಹಕ ಇದಕ್ಕಿಂತ ಬಹಳ ಹೆಚ್ಚು ಕಾಲ ನೆನಪಿಡುತ್ತದೆ. ವಿದ್ಯುತ್ತಿನ ಸಂಪರ್ಕದಲ್ಲಿರುವ ಅನೇಕ ಎಸ್.ಎಸ್.ಡಿ.ಗಳು ಬಿಡುವಾದಾಗ ತಮ್ಮ ಪುಟಗಳನ್ನು ತಾವೇ ಓದಿನೋಡುತ್ತವೆ. ಮಸುಕಾಗುತ್ತಿರುವುದು ಕಂಡರೆ, ತಪ್ಪಿದ ಅಂಕಿಗಳನ್ನು ಗಣಿತದ ನೆರವಿನಿಂದ ತಿದ್ದಿ, ಇಡೀ ಪುಟವನ್ನು ಹೊಸ ಸ್ಥಳದಲ್ಲಿ ಮತ್ತೊಮ್ಮೆ ಬರೆದು, ವಿಳಾಸಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತವೆ. ಕಪಾಟಿನೊಳಗೆ ಬೀಗದಲ್ಲಿರುವ ಎಸ್.ಎಸ್.ಡಿ.ಗೆ ಆ ಕೆಲಸ ಮಾಡಿಕೊಳ್ಳಲು ವಿದ್ಯುತ್ತಿಲ್ಲ.